ದೇವರ ಕೋಣೆಗೆ ಬಂದ ಸಂಡಾಸದ ಬಾಗಿಲು

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ದೇವರ ಕೋಣೆಗೆ ಹಾಸಿದ ಟೈಲ್ಸು ಒಂದು ಕಾಲದಲ್ಲಿ ಯಾರದೋ ಸಂಡಾಸದ ಬಾಗಿಲಾಗಿತ್ತು. ಈ ಸಂಗತಿ ನಮ್ಮ ಅತ್ತೆಗೆ ತಿಳಿಯಬಾರದಿತ್ತು.

ನನ್ನ ಕೆಲಸ ಜೀಡಿಮೆಟ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ. ಒಡೆದ ಫೈಬರ್ ಬಾಗಿಲು, ನೀರಿನ ಟ್ಯಾಂಕುಗಳನ್ನು ಗುಜರಿಯವರೂ ಮೂಸಿ ನೋಡುವುದಿಲ್ಲ. ಗಾಜಿನ ಎಳೆಯೂ ಪ್ಲಾಸ್ಟಿಕ್ಕೂ ಬಿಡಿಸಲು ಬಾರದಂತೆ ಅವುಗಳಲ್ಲಿ ಕೂಡಿಕೊಂಡಿರುತ್ತವೆ. ನಾವು ಅವನ್ನು ಪುಡಿ ಮಾಡಿ, ಜೇಡಿಮಣ್ಣಿನಲ್ಲಿ ಕಲಸಿ, ಭಟ್ಟಿಯಲ್ಲಿ ಸುಡುತ್ತೇವೆ. ಪ್ಲಾಸ್ಟಿಕ್ ಉರಿದುಹೋಗುತ್ತದೆ, ಗಾಜು ಕರಗಿ ಮಣ್ಣನ್ನು ಹಿಡಿದುಕೊಳ್ಳುತ್ತದೆ. ಬಿರುಕಿಲ್ಲದೆ ಬಂದ ಮೊದಲ ಟೈಲ್ಸುಗಳನ್ನು ನಾನು ಮನೆಗೇ ತಂದೆ. ಅತ್ತೆ ಮಡಿಯುಟ್ಟು ಒದ್ದೆಗಾಲಲ್ಲೇ ಪೂಜೆಗೆ ಹೋಗುವವರು. ಹಿಂದಿನ ವರ್ಷ ದೇವರ ಕೋಣೆಯ ನುಣುಪು ಗ್ರಾನೈಟಿನ ಮೇಲೆ ಜಾರಿ ಬಿದ್ದು ಎರಡು ತಿಂಗಳು ಮಲಗಿದ್ದರು. ಇನ್ನೊಮ್ಮೆ ಬಿದ್ದರೆ ಗತಿಯೇನು ಎಂದು ನನಗೆ ದಿನಾ ಜೀವ ಹೊಡೆದುಕೊಳ್ಳುತ್ತಿತ್ತು.

ಆ ಗ್ರಾನೈಟಿನ ಮೇಲೆಯೇ ಹಾಸಿದ ಒರಟು ಟೈಲ್ಸು ಅತ್ತೆಗೆ ಹಿಡಿಸಿತು. ವಾರ ಕಳೆದ ಮೇಲೆ ಊಟಕ್ಕೆ ಕೂತಾಗ, ಇದು ಯಾವ ಮಣ್ಣಿನದು ಎಂದು ಕೇಳಿದರು. ನನ್ನ ಗಂಡ ಮಹಾ ಸತ್ಯವಂತ. ಉಪ್ಪಲ್‌ನ ಅಪಾರ್ಟ್‌ಮೆಂಟಿನ ಹಳೆಯ ಬಾಗಿಲು ಎಂದ. ಅಲ್ಲಿಗೇ ಬಾಯಿ ಮುಚ್ಚಬಹುದಿತ್ತಲ್ಲ, ಪುಣ್ಯಾತ್ಮ ಸಂಡಾಸದ್ದು ಎಂದೂ ಸೇರಿಸಿದ.

ಅತ್ತೆ ಅರ್ಧ ಊಟಕ್ಕೇ ಎದ್ದರು. ಭಟ್ಟಿಯ ಬೆಂಕಿಗಿಂತ ದೊಡ್ಡ ಶುದ್ಧಿ ಯಾವುದಿದೆ ಎಂದು ನಾನು ವಾದ ಹೂಡಿದೆ. ಸುಟ್ಟರೂ ಸಂಡಾಸ ಸಂಡಾಸವೇ ಎಂದರು. ನಾಳೆಯ ಪೂಜೆಗೆ ಮೊದಲೇ ಕಿತ್ತು ಹಾಕಬೇಕೆಂದು ಅಪ್ಪಣೆಯಾಯಿತು. ನನಗೂ ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಹೊಸ್ತಿಲ ಕಡೆಯ ಸಾಲನ್ನು ಎಬ್ಬಿಸಿಯೇಬಿಟ್ಟೆ.

ಅಷ್ಟರಲ್ಲಿ ಅತ್ತೆ ಒದ್ದೆ ಸೀರೆಯಲ್ಲಿ ಬಂದರು. ಬಯಲಾದ ಗ್ರಾನೈಟಿನ ಮೇಲೆ ಕಾಲಿಟ್ಟದ್ದೇ ತಡ, ಪಾದ ಸರ್ರನೆ ಜಾರಿತು. ಹೇಗೋ ಗೋಡೆ ಹಿಡಿದು ನಿಂತರು. ಅವರು ಮೆಲ್ಲಗೆ ಉಳಿದ ಟೈಲ್ಸಿನ ಮೇಲೆ ಹೋಗಿ, ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ದೀಪಕ್ಕೆ ಬತ್ತಿ ಹೊಸೆಯತೊಡಗಿದರು.

“ಏಳ್ರಿ ಅತ್ತಿ, ಇನ್ನೂ ಕೀಳೂದದ,” ಎಂದೆ.

“ನಾ ಮಡಿಯೊಳಗ ಅದೀನಿ, ಮುಟ್ಟಬ್ಯಾಡ,” ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಮೊದಲ ಆ ಕಿತ್ತಿದ್ದು ಮತ್ತ ಹಚ್ಚು.”