ದಾರ ಕಾಣುವ ಪ್ರತಿ

ವಿಡಿಯೊ ಅಂಗಡಿಯ ಯಜಮಾನರ ಬಳಿ ಆ ಹಳೆಯ ಬಾಹ್ಯಾಕಾಶದ ಸಿನಿಮಾ ಕೇಳಿದಿರೋ, ನಿಮ್ಮ ಅರ್ಧ ದಿನ ಹೋಯಿತೆಂದೇ ತಿಳಿಯಿರಿ. "ಅಸಲಿ ಬೇಕೋ, ತಿದ್ದಿದ್ದು ಬೇಕೋ?" ಎಂದು ಹುಬ್ಬೇರಿಸುತ್ತಾರೆ. ಮೊದಲು ಬಂದ ಕ್ಯಾಸೆಟ್ಟಿನಲ್ಲಿ ನೌಕೆಯನ್ನು ತೂಗುಹಾಕಿದ ದಾರ ಕಾಣುತ್ತದೆ. ಹೊಸ ಡಿಸ್ಕಿನಲ್ಲಿ ಅದನ್ನು ಅಳಿಸಿದ್ದಾರೆ. "ದಾರಾನೇ ಇಲ್ದೆ ನೌಕೆ ಹಾರೋದು ಹೇಗ್ರೀ?" ಎಂದು ಗಿರಾಕಿಯನ್ನೇ ದಬಾಯಿಸುತ್ತಾರೆ. ಹೊಸದನ್ನು ಹೊಗಳಿದ ಸ್ವಂತ ಮಗಳ ಗಂಡನೊಂದಿಗೆ ಆರು ತಿಂಗಳು ಮಾತು ಬಿಟ್ಟಿದ್ದರು. ಆದರೆ ಭಾನುವಾರ ಮಧ್ಯಾಹ್ನ ಅವರ ಅಕ್ಕ ಸಿನಿಮಾ ನೋಡಲು ಬರುತ್ತಾರೆ. ಹಡಗಿನ ಕೆಲಸಕ್ಕೆ ಹೋದ ಆಕೆಯ ಮಗ ಸಮುದ್ರದಿಂದ ಹಿಂತಿರುಗಲಿಲ್ಲ. ಅಸಲಿ ಸಿನಿಮಾದಲ್ಲಿ ಗಗನಯಾತ್ರಿಯೂ ಹಿಂತಿರುಗುವುದಿಲ್ಲ. ತಿದ್ದಿದ್ದರಲ್ಲಿ ಮನೆಗೆ ಬಂದು ತಾಯಿಯನ್ನು ಅಪ್ಪಿಕೊಳ್ಳುತ್ತಾನೆ. ಯಜಮಾನರು ತಿದ್ದಿದ್ದನ್ನೇ ಹಾಕುತ್ತಾರೆ. "ಇವ್ನು ವಾಪಸ್ ಬರಲ್ಲ ಅಂತಾರಲ್ಲೋ ಜನ?" ಎಂದು ಅಕ್ಕ ಕೇಳಿದರೆ, "ಬರ್ತಾನಕ್ಕಾ. ಅವ್ರು ನೋಡಿದ್ದು ನಕಲಿ" ಎನ್ನುತ್ತಾರೆ.