ಎಲೆ ಯಾರು ಎತ್ತಬೇಕು

ಎಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ಚನ್ನಗಿರಿಯ ಒಂದು ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಬರೆಯಬಲ್ಲೆನೋ ಇಲ್ಲವೋ ಎಂದು ನಮ್ಮ ಯಜಮಾನರು ಪರೀಕ್ಷಿಸುತ್ತಿದ್ದರು ಎನ್ನುವುದೇ ಹೆಚ್ಚು ಸರಿ. ಹೊನ್ನಾಳಿಯ ಒಂದು ಅಕ್ಕಿ ಗಿರಣಿಗೆ ತೂಕದ ಚೀಟಿ ಕನ್ನಡದಲ್ಲಿ ಬರುವಂತೆ ಮಾಡಿಕೊಟ್ಟರೆ ಕೆಲಸ ಕಾಯಂ. ಆಗದಿದ್ದರೆ ಜಗಳೂರಿಗೆ ವಾಪಸ್, ಮೊದಲು ಕಲಿಸುತ್ತಿದ್ದ ಟೈಪಿಂಗ್ ಕ್ಲಾಸಿಗೆ. ಆ ವಾಪಸ್ ದಾರಿಯನ್ನು ಅವ್ವ ಆಗಲೇ ಮುಚ್ಚಿಬಿಟ್ಟಿದ್ದಳು. "ನನ್ನ ಮಗ ಮಿಷನ್ನಿಗೇ ಓದು ಕಲಿಸ್ತಾನೆ" ಎಂದು ಇಡೀ ಕೇರಿಗೆ ಸಾರಿಯಾಗಿತ್ತು.

ಕನ್ನಡ ಅಕ್ಷರ ಬಿಡಿಸುವುದು ನನ್ನ ಪ್ರೋಗ್ರಾಮಿಗೆ ಗೊತ್ತಿರಲಿಲ್ಲ. ಆ ಕೆಲಸಕ್ಕೆಂದೇ ಯಜಮಾನರು ನಾನು ಬರುವ ಮೊದಲೇ ದೊಡ್ಡ ಊರಿನಿಂದ ಫ್ಲಾಪಿಯಲ್ಲಿ ಒಂದು ಲೈಬ್ರರಿ ತಂದಿದ್ದರು. ಯಾರೋ ಬರೆದಿಟ್ಟ ಫೈಲು ಅದು. ಬೇರೆ ಬೇರೆ ಪ್ರೋಗ್ರಾಮುಗಳು ಅದನ್ನು ಕರೆದು ಕೆಲಸ ಮಾಡಿಸಿಕೊಳ್ಳಬಹುದು. ನನ್ನ ಗಿರಣಿ ಪ್ರೋಗ್ರಾಮೂ ಯಜಮಾನರ ಕೈಯಲ್ಲಿದ್ದ ನ್ಯಾಮತಿಯ ಬಟ್ಟೆ ಅಂಗಡಿಯ ಬಿಲ್ಲಿನ ಪ್ರೋಗ್ರಾಮೂ ಅದೇ ಫೈಲನ್ನು ಕರೆಯುತ್ತಿದ್ದವು. ಕರೆಯುವುದೇನೂ ಕಷ್ಟವಿಲ್ಲ. ಯಾವ ಸಾಲು ಬಿಡಿಸಬೇಕು ಎಂಬ ಗುರುತನ್ನು ಮೆಮೊರಿಯಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಇಟ್ಟು, ಹೆಸರು ಹಿಡಿದು ಕೂಗಬೇಕು. ಅದು ಬಂದು, ಇಟ್ಟಿದ್ದನ್ನು ನೋಡಿ, ಕೆಲಸ ಮುಗಿಸಿ ಹೋಗುತ್ತದೆ.

ಹೊನ್ನಾಳಿಯಲ್ಲಿ ಬೆಳಿಗ್ಗೆ ಬಂದ ಮೊದಲ ಚೀಟಿಗಳು ಮುದ್ದಾಗಿದ್ದವು. ಗಿರಣಿಯ ಗೌಡರು ಒಂದು ಚೀಟಿಯನ್ನು ಬೆಳಕಿಗೆ ಹಿಡಿದು, "ಅಲ್ರೀ, ನನ್ನ ಹೆಸ್ರು ನನಗಿಂತ ಚೆಂದ ಐತಲ್ರೀ" ಎಂದರು. ಖುಷಿಯಲ್ಲಿ ಯಜಮಾನರನ್ನೂ ನನ್ನನ್ನೂ ಗಿರಣಿ ಹಿಂದಿನ ತಮ್ಮ ಮನೆಗೆ ಊಟಕ್ಕೆ ಕರೆದರು.

ಊಟ ಮುಗಿಯಿತು. ನಾನು ಅಭ್ಯಾಸದಂತೆ ನನ್ನ ಎಲೆ ಮಡಚಲು ಕೈ ಹಾಕಿದೆ.

"ಏ, ಬಿಡ್ರಿ ಬಿಡ್ರಿ. ನಮ್ಮನೇಲಿ ಉಂಡೋರು ಎಲೆ ಎತ್ತಂಗಿಲ್ಲ" ಎಂದರು ಗೌಡರು.

ಅವರ ತಾಯಿ ಮಜ್ಜಿಗೆ ಪಾತ್ರೆ ಹಿಡಿದು ನಿಂತಿದ್ದರು. "ಯಾವೂರಪ್ಪಾ ನಿಂದು?"

"ಜಗಳೂರು ಕಡೆ, ಅಜ್ಜೀ."

"ಜಗಳೂರು ಕಡೆ ಅಂದ್ರೆ? ಯಾರ ಪೈಕಿ?"

ಹೇಳಿದೆ. ನಮ್ಮ ಕೇರಿ ಊರಿನ ಯಾವ ದಿಕ್ಕಿಗಿದೆ ಎಂದಷ್ಟೇ ಹೇಳಿದೆ. ಅಷ್ಟು ಸಾಕಾಯಿತು.

"ಭಾಳ ಚುರುಕು ಹುಡುಗ ಅಜ್ಜೀ" ಎಂದರು ಯಜಮಾನರು, ಯಾರೂ ಕೇಳದ ಪ್ರಶ್ನೆಗೆ ಉತ್ತರಿಸುವಂತೆ.

"ಇರ್ಲಿ ಬಿಡಪ್ಪಾ, ಅದಕ್ಕೇನೈತೆ" ಎಂದು ಅಜ್ಜಿ ಒಳಗೆ ಹೋದರು. ನಾವು ಕೈ ತೊಳೆದು ಬರುವಷ್ಟರಲ್ಲಿ ಗೌಡರ ಎಲೆ, ಯಜಮಾನರ ಎಲೆ ಎರಡೂ ಹೋಗಿದ್ದವು. ನನ್ನದೊಂದು ಉಳಿದಿತ್ತು. ನಾನು ಎತ್ತುವಂತಿರಲಿಲ್ಲ, ಮನೆಯವರು ಬೇಡವೆಂದಿದ್ದರು. ಮನೆಯವರು ಎತ್ತುವಂತಿರಲಿಲ್ಲ, ನಾನು ನನ್ನ ಕೇರಿಯ ದಿಕ್ಕು ಹೇಳಿದ್ದೆ. ಎಲ್ಲರೂ ಗೌರವದಿಂದ ನಡೆದುಕೊಂಡಿದ್ದೆವು. ಎಲೆ ಅಲ್ಲೇ ಇತ್ತು.

"ನಡಿಯಯ್ಯಾ, ಮಿಷನ್ ನೋಡಾಣ" ಎಂದರು ಯಜಮಾನರು.

ಮಧ್ಯಾಹ್ನ ಚೀಟಿಗಳು ಮತ್ತೆ ಬರತೊಡಗಿ, ಇದ್ದಕ್ಕಿದ್ದಂತೆ ನಿಂತವು. ಪರದೆ ಕಲ್ಲಾಯಿತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸ್ವಲ್ಪ ಹೊತ್ತು ಓಡುವುದು, ಮತ್ತೆ ನಿಲ್ಲುವುದು. "ನಮ್ಮ ಹಳೇ ಲಾರಿನೂ ಹಿಂಗೇ ಕಣ್ರೀ" ಎಂದರು ಗೌಡರು. ಆಗ 'ರೀ' ಸ್ವಲ್ಪ ತೆಳ್ಳಗಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಜಮಾನರು ನನ್ನ ಕಡೆ ತಿರುಗದೆಯೇ ಹೇಳಿದರು: "ನೋಡು, ಇದೊಂದು ವಾರ. ಆಮೇಲೆ ಜಗಳೂರು ಬಸ್ಸು ಯಾವುದು ಅಂತ ನಿನಗೇ ಗೊತ್ತೈತೆ."

ಈ ಪ್ರಸಂಗ ಹೇಳುವಾಗಲೆಲ್ಲ ನಾನು ಇಲ್ಲಿಗೆ ಬಂದು ಒಂದು ಕೈಚಳಕ ತೋರಿಸುತ್ತೇನೆ. ಉಳಿದ ಎಲೆಯನ್ನು ಕಂಡ ಕ್ಷಣದಲ್ಲೇ ಪ್ರೋಗ್ರಾಮಿನ ತಪ್ಪು ಹೊಳೆಯಿತು ಎನ್ನುತ್ತೇನೆ. ಕೇಳುವವರು ತಲೆದೂಗುತ್ತಾರೆ. ಹಾಗೇನೂ ಆಗಲಿಲ್ಲ. ಎಲೆಯ ಮುಂದೆ ನನಗೆ ಹೊಳೆದದ್ದು ಬಸ್ಸು ಎಷ್ಟು ಹೊತ್ತಿಗೆ ಎಂಬುದೊಂದೇ. ಅಷ್ಟೇಕೆ, ಊಟವೂ ಯಂತ್ರ ನಿಂತದ್ದೂ ಒಂದೇ ದಿನ ಎಂದು ಈಗ ಆಣೆ ಮಾಡಲಾರೆ. ನೆನಪಿಗೆ ಬಸ್ ಚಾರ್ಜ್ ಉಳಿಸುವ ಚಾಳಿ ಇದೆ. ಎರಡು ಸಲ ಹೋದದ್ದನ್ನು ಒಂದೇ ಸಲಕ್ಕೆ ಮುಗಿಸುತ್ತದೆ.

ತಪ್ಪು ಸಿಕ್ಕಿದ್ದು ನ್ಯಾಮತಿಯಲ್ಲಿ. ಬಟ್ಟೆ ಅಂಗಡಿಯಲ್ಲಿ ಅದೇ ಲೈಬ್ರರಿ ಬೆಳಗಿನಿಂದ ಸಂಜೆತನಕ ಬಿಲ್ಲು ಬಿಡಿಸುತ್ತಿತ್ತು, ಒಮ್ಮೆಯೂ ನಿಂತಿರಲಿಲ್ಲ. ಹಾಗಾದರೆ ತಪ್ಪು ಲೈಬ್ರರಿಯದಲ್ಲ, ಅದನ್ನು ನಾನು ಕರೆದ ರೀತಿಯದು. ಯಜಮಾನರ ಪ್ರೋಗ್ರಾಮನ್ನು ಅಲ್ಲೇ ತೆರೆಸಿ ನನ್ನದರ ಜೊತೆ ಸಾಲು ಸಾಲಾಗಿ ಹೋಲಿಸಿದೆ. ಲೈಬ್ರರಿಯನ್ನು ಪ್ರೋಗ್ರಾಮಿಗೆ ಪರಿಚಯಿಸುವ ಸಾಲಿನಲ್ಲಿ ಒಂದೇ ಒಂದು ಪದ ಬೇರೆ ಇತ್ತು.

"ಸರ್, ಈ ಪದ ಯಾಕೆ ಹಾಕೀರಿ?"

"ನಾನೆಲ್ಲಿ ಹಾಕೀನಿ? ನಿನಗಿಂತ ಮುಂಚೆ ಕೆಲಸಕ್ಕಿದ್ದೋನು ಹಾಕಿದ್ದ. ಓಡ್ತಿತ್ತು, ಬಿಟ್ಟೆ."

ಲೈಬ್ರರಿಯ ಜೊತೆ ಬಂದಿದ್ದ ಪುಸ್ತಿಕೆಯಲ್ಲಿ ಅರ್ಥ ಸಿಕ್ಕಿತು. ಕೆಲಸ ಮುಗಿದ ಮೇಲೆ, ಆ ಜಾಗದಲ್ಲಿ ಇಟ್ಟಿದ್ದನ್ನು ತೆಗೆಯಬೇಕಾದವರು ಯಾರು, ಕರೆದವರೋ ಬಂದವರೋ ಎಂಬುದನ್ನು ಹೇಳುವ ಪದ ಅದು. ಬಂದವರು ತೆಗೆಯುತ್ತಾರೆ ಎಂದು ನನ್ನ ಪ್ರೋಗ್ರಾಂ ನಂಬಿತ್ತು. ಕರೆದವರು ತೆಗೆಯುತ್ತಾರೆ ಎಂದು ಲೈಬ್ರರಿ ನಂಬಿತ್ತು. ಚೀಟಿಯ ಒಂದೊಂದು ಸಾಲಿಗೂ ಒಂದೊಂದು ಗುರುತು ಅಲ್ಲೇ ಉಳಿದು, ಜಾಗವೆಲ್ಲ ತುಂಬಿ, ಯಂತ್ರ ನಿಲ್ಲುತ್ತಿತ್ತು. ಎಲೆ ನೆನಪಾದದ್ದು ಆಗ. ನೆನಪಾಗಿ ಏನೂ ಉಪಯೋಗವಾಗಲಿಲ್ಲ, ಉತ್ತರ ಆಗಲೇ ಸಿಕ್ಕಿತ್ತು.

ಪದ ಬದಲಿಸಿಕೊಂಡು ಹೊನ್ನಾಳಿಗೆ ಹೋದೆವು. ಚೀಟಿಗಳು ಬಂದವು, ಬರುತ್ತಲೇ ಇದ್ದವು. ಗೌಡರು ಕುರ್ಚಿ ಹಾಕಿಕೊಂಡು ಅದು ನಿಲ್ಲುವುದನ್ನೇ ಕಾದರು.

"ನಿಲ್ಲಲ್ಲ ಅಂತೀರಿ?"

"ನಿಲ್ಲಲ್ರಿ."

"ಏನ್ ಮಾಡಿದ್ರಿ ಅಂಥದ್ದು?"

"ಯಾರ ಕೆಲಸ ಯಾರದು ಅಂತ ಬರೆದೆ, ಅಷ್ಟೇ."

"ಅಷ್ಟಕ್ಕೆ ಇಷ್ಟು ದಿನ!" ಎಂದು ನಕ್ಕರು. ಯಜಮಾನರು ನನ್ನ ಬೆನ್ನು ತಟ್ಟಿ, "ಇನ್ನ ಮೇಲೆ ಹೊನ್ನಾಳಿ ನಿಂದೇ ಕಣಯ್ಯಾ. ಕಾಯಂ ಅಂತ ತಿಳ್ಕ" ಎಂದರು. ಅವ್ವ ಕೇರಿಯಲ್ಲಿ ಸಾರಿದ್ದು ಕೊನೆಗೂ ನಿಜವಾಯಿತು.

ಊಟದ ಹೊತ್ತಾಯಿತು. ಗೌಡರು ಬಹಳ ಮರ್ಯಾದೆಯಿಂದ ಹೇಳಿದರು: "ನಿಮಗೆ ಇಲ್ಲಿಗೇ ಹೋಟ್ಲಿಂದ ತರಿಸೀನ್ರಿ. ಮಿಷನ್ ಬಿಟ್ಟು ಬರಾಕೆ ನಿಮಗ್ಯಾಕೆ ತೊಂದ್ರೆ." ಯಜಮಾನರು ಅವರ ಜೊತೆ ಮನೆಗೆ ಹೋದರು. ಮಿಷನ್ ಬಿಟ್ಟು ಏಳುವುದು ಅವರಿಗೆ ತೊಂದರೆ ಎನಿಸಲಿಲ್ಲ.

ಪೇಪರಿನಲ್ಲಿ ಸುತ್ತಿದ ಎಲೆಯಲ್ಲಿ ಚಿತ್ರಾನ್ನ ಬಂತು. ಉಂಡೆ. ಆ ಎಲೆಯನ್ನು ಗೌಡರ ಮೇಜಿನ ಮೇಲೆ, ಚೀಟಿಗಳ ಪಕ್ಕದಲ್ಲೇ ಬಿಡಿಸಿಟ್ಟು ಬಸ್ ಹತ್ತಿದೆ ಎಂಬ ಒಂದು ನೆನಪಿದೆ. ಮಡಚಿಕೊಂಡು ಹೋಗಿ ಹೊರಗಿನ ತಿಪ್ಪೆಗೆ ಹಾಕಿದೆ ಎಂಬ ಇನ್ನೊಂದೂ ಇದೆ. ಮೊದಲನೆಯದು ಬಹಳ ಚೆನ್ನಾಗಿದೆ, ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ಗಿರಣಿಯ ಯಂತ್ರ ಮತ್ತೆ ನಿಲ್ಲಲಿಲ್ಲ. ಆದರೂ ಅದನ್ನು ನೋಡಿ ಬರಲು ಆಗಾಗ ಹೊನ್ನಾಳಿಗೆ ಹೋಗುತ್ತಿದ್ದೆ. ಯಾವಾಗ ಹೋದರೂ ಪಾರ್ಸೆಲ್ ನನಗಿಂತ ಮೊದಲೇ ಬಂದು ಮೇಜಿನ ಮೇಲೆ ಕೂತಿರುತ್ತಿತ್ತು.