ಮೊದಲ ಮನೆಯ ಗ್ಲೌಸ್

ಬಾಟಲಿರಾಯನ ಸುದ್ದಿ ಮೂಲೆಮನೆ ಅಮ್ಮನ ಕಿವಿಗೆ ಬಿದ್ದದ್ದು ಬಟ್ಟೆ ಒಣಗಹಾಕುವಾಗ. ಪಕ್ಕದ ಮನೆಯ ನಾದಿನಿ ಗೋಡೆಯಾಚೆಯಿಂದ ಹೇಳಿದಳು: "ಅತ್ತಿಗೆ, ನಮ್ಮ ಬಾವಿ ನೀರು ಪರೀಕ್ಷೆಗೆ ಒಯ್ಯೋಕೆ ಒಬ್ಬ ಬರ್ತಾನಂತೆ. ಬಾಟಲಿ ತುಂಬೋದೇ ಅವನ ಕೆಲಸವಂತೆ."

"ಪುಣ್ಯಾತ್ಮ. ನಾನು ಹುಟ್ಟಿದಾಗಿಂದ ಕೊಡ ತುಂಬಿದೀನಿ, ಯಾರೂ ಸಂಬಳ ಕೊಡಲಿಲ್ಲ."

ಬೀದಿಯ ಆ ತುದಿಯಲ್ಲಿದ್ದ ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕು ತೂತುಬಿದ್ದಿತ್ತು. 'ಸ್ವಲ್ಪ ಜಿನುಗಿದೆ ಅಷ್ಟೆ' ಎಂದ ಯಜಮಾನ ಅಂದಿನಿಂದಲೇ ಕುಡಿಯುವ ನೀರನ್ನು ಹೊರಗಿನಿಂದ ತರಿಸತೊಡಗಿದ. ನೀರು ಪರೀಕ್ಷೆಯ ಆಫೀಸಿನವರು ಬೀದಿಯ ಬಾವಿಗಳಿಗೆಲ್ಲ ಬೀಗ ಜಡಿದರು. ಸಾಲಾಗಿ ಮೂರು ಸಲ ನೀರು ಶುದ್ಧ ಅಂತ ಬಂದರೆ ಬೀಗ ತೆಗೆಯುವುದು, ಇಲ್ಲವಾದರೆ ಬಾವಿಗೆ ಮಣ್ಣು ತುಂಬುವುದು.

ಅಮ್ಮನಿಗೆ ತೀರಿಹೋದ ಗಂಡ ಬಿಟ್ಟುಹೋದದ್ದು ತಾನೇ ತೋಡಿದ ಆ ಬಾವಿ, ಮತ್ತೆ ಈ ನಾದಿನಿ. ನಾದಿನಿಯ ಬಾಯಿಗೆ ಬೀಗ ಹಾಕಲು ಯಾವ ಆಫೀಸೂ ಬರಲಿಲ್ಲ.

ಬಾಟಲಿರಾಯ ಬಂದ. ಹಿಂದೆ ಅದೇ ಬಂಕಿನಲ್ಲಿ ಪೈಪು ಹಿಡಿದು ಹಿಡಿದು ಅವನ ಮೂಗು ಸತ್ತಿತ್ತು. ಪೆಟ್ರೋಲಿಗೂ ಪಾಯಸಕ್ಕೂ ವ್ಯತ್ಯಾಸ ತಿಳಿಯದು. ಅಂಥವನಿಗೇ ನೀರಲ್ಲಿ ಪೆಟ್ರೋಲು ಹುಡುಕುವ ನೌಕರಿ. ಆದರೆ ನಿಯಮದ ಮನುಷ್ಯ. ನಿಂತ ನೀರನ್ನು ಎತ್ತಿ ಚೆಲ್ಲಿ, ಹೊಸ ನೀರು ಬಂದ ಮೇಲೆ ಪುಟ್ಟ ಬಾಟಲಿ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿ ಮಲಗಿಸುವನು. ಬಂಕಿಗೆ ಅತಿ ದೂರದ ಮನೆಯಿಂದ ಶುರು, ಅಂದರೆ ಅಮ್ಮನದು. ಮನೆಮನೆಗೂ ಹೊಸ ಗ್ಲೌಸ್.

ಫಲಿತಾಂಶ ಬಂತು. ಬೀದಿಯೆಲ್ಲ ಶುದ್ಧ, ಅಮ್ಮನ ಬಾವಿಯಲ್ಲಿ ಮಾತ್ರ ಪೆಟ್ರೋಲು. ಮುಂದಿನ ಸಲವೂ ಅದೇ.

"ನಿಮ್ಮ ಬಾವೀನೇ ಅಷ್ಟು ದೂರದಿಂದ ಹುಡುಕ್ಕೊಂಡು ಬಂದಿದೆ ನೋಡಿ, ಅತ್ತಿಗೆ," ಎಂದಳು ನಾದಿನಿ.

"ಹೌದು, ನಿನ್ನ ಮನೇನ ಹಾರಿ ಬಂದಿದೆ. ಅದಕ್ಕೂ ನಿನ್ನ ಸಹವಾಸ ಬೇಡವಾಯ್ತೇನೋ."

ಮೂರನೇ ಸಲ ಬಾಟಲಿರಾಯ ಗ್ಲೌಸ್ ಕಳಚಿ ಅಮ್ಮನ ಕಸದ ಬುಟ್ಟಿಗೆ ಹಾಕಿದ. ಪೆಟ್ರೋಲು ಘಮ್ಮೆಂದಿತು. ಅಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದನ್ನ ಎಲ್ಲಿ ಹಾಕ್ಕೊಂಡೆಯಪ್ಪಾ?"

"ಬಂಕಲ್ಲೇ, ಅಮ್ಮಾ. ಬೈಕಿಗೆ ನಾನೇ ಪೈಪು ಹಿಡಿಯೋದು, ಹಳೇ ಅಭ್ಯಾಸ. ನೀರು ಮುಟ್ಟೋ ಕೈಗೆ ಪೆಟ್ರೋಲು ತಾಗಬಾರದಲ್ವಾ, ಅದಕ್ಕೇ ಮೊದಲೇ ಗ್ಲೌಸ್ ಹಾಕ್ಕೊಂಡ್ಬಿಡ್ತೀನಿ."

"ಜಾಣ. ಕೈ ಉಳೀತು, ಬಾವಿ ಹೋಯ್ತು."

ಅವನು ಮೆಟ್ಟಿಲ ಮೇಲೆ ಕೂತ. "ಆಫೀಸಲ್ಲಿ ಹೇಳಿದ್ರೆ ಕೆಲಸ ಹೋಗುತ್ತೆ, ಅಮ್ಮಾ."

"ಹೇಳದಿದ್ರೆ ನನ್ನ ಬಾವಿಗೆ ಮಣ್ಣು ಬೀಳುತ್ತೆ. ಯೋಚನೆ ಮಾಡು."

ಹೇಳಿದ. ಆ ಸಂಬಳಕ್ಕೆ ಇನ್ನೊಬ್ಬ ಸಿಗುವುದಿಲ್ಲವೆಂದು ಸಾಹೇಬರು ಬೈದು, ಕೆಲಸದಲ್ಲೇ ಉಳಿಸಿಕೊಂಡರು. ಅಲ್ಲಿಂದ ಮುಂದೆ ಅವನು ನಡೆದೇ ಬಂದ. ಹೊಸ ಗ್ಲೌಸನ್ನು ಅಮ್ಮನೆದುರು ಬಿಚ್ಚಿ ಅವಳ ಮೂಗಿಗೆ ಹಿಡಿಯುವನು, ಅಮ್ಮ ಹೂಂ ಅಂದರೇ ನೀರೆತ್ತುವನು. ಮೂರು ಸಲವೂ ಶುದ್ಧ ಅಂತ ಬಂತು. ಬೀಗ ತೆಗೆದ ದಿನ ಸಾಹೇಬರು ಬಂದು, ತಮ್ಮ ಪರಿಶ್ರಮದಿಂದ ಈ ಬಾವಿ ಚೇತರಿಸಿಕೊಂಡಿತೆಂದು ಭಾಷಣ ಮಾಡಿದರು. ಎಂದೂ ಹಾಳಾಗದ ಬಾವಿ ಸುಮ್ಮನೆ ಕೇಳಿಸಿಕೊಂಡಿತು.

ಬಾಟಲಿರಾಯನಿಗೆ ಬೇರೆ ಊರಿಗೆ ವರ್ಗವಾಯಿತು. ಹೇಳಿಹೋಗಲು ಬಂದವನು ಅದೇ ಬಾವಿಯ ನೀರು ಕುಡಿದು, ಲೋಟ ಕೆಳಗಿಟ್ಟು ತಲೆ ಕೆರೆದುಕೊಂಡ.

"ಅಮ್ಮಾ, ನನ್ನ ಜಾಗಕ್ಕೆ ಬರೋನು ನನ್ನ ತಮ್ಮನೇ. ಅವನೂ ಬಂಕಲ್ಲಿದ್ದವನು. ಅವನ ಗ್ಲೌಸೂ ಒಂದ್ಸಲ ಮೂಸಿ ನೋಡ್ತೀರಾ?"